ಅಂಕ ಬೇಡ, ಇನ್ನೊಂದು ಪತ್ರ ಬರಲಿ

(ತಿಪಟೂರಿನ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಈಚೆಗೆ ಓದಿದ ಐದು ಕಾದಂಬರಿಗಳ ಬಗ್ಗೆ ಉದ್ದದ ಪತ್ರ ಬರೆದಿದ್ದಾರೆ. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕವನ್ನೂ ಹಾಕಿದ್ದಾರೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಗೆ 9, ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ಗೆ 6, ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ಗೆ 5, ಕೆ.ಎನ್. ಗಣೇಶಯ್ಯ ಅವರ ‘ಕನಕ ಮುಸುಕು’ಗೆ 4, ತ್ರಿವೇಣಿಯವರ ‘ಶರಪಂಜರ’ಕ್ಕೆ 3. ‘ನನ್ನ ಲೆಕ್ಕ ಸರಿಯೇ? ಮುಂದೆ ಏನು ಓದಲಿ?’ ಎಂದು ಕೇಳಿದ್ದಾರೆ.)

ಪ್ರಿಯ ಮೇಷ್ಟ್ರೇ,

ನಮಸ್ಕಾರ. ನಿಮ್ಮ ಪತ್ರ ಬಂದ ದಿನವೇ ನಮ್ಮ ಬಳಗದವರೆಲ್ಲ ಓದಿದೆವು. ಕಾದಂಬರಿ ಓದಿ, ಅನ್ನಿಸಿದ್ದನ್ನು ಇಷ್ಟು ಬಿಚ್ಚು ಮನಸ್ಸಿನಿಂದ ಬರೆಯುವವರು ಈಗ ಕಡಿಮೆ. ಅದಕ್ಕೇ ಉತ್ತರವೂ ಸ್ವಲ್ಪ ಉದ್ದವಾಗಿದೆ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದನ್ನು ಹೇಳಿಬಿಡುತ್ತೇನೆ. 5 ಅಂಕದ ‘ಜುಗಾರಿ ಕ್ರಾಸ್’ ಬಗ್ಗೆ ಎರಡು ಪುಟ ಬರೆದಿದ್ದೀರಿ. ರಾತ್ರಿ ಊಟಕ್ಕೆ ಕರೆದರೂ ಏಳಲಿಲ್ಲ ಅಂತಲೂ ಬರೆದಿದ್ದೀರಿ. 9 ಅಂಕದ ‘ಕುಸುಮಬಾಲೆ’ಗೆ ಸಿಕ್ಕಿದ್ದು ಮೂರೇ ಸಾಲು. ಅದರಲ್ಲಿ ಒಂದು, ‘ಅರ್ಧಕ್ಕೆ ಬಿಟ್ಟೆ’. ಹಾಗಿದ್ದರೆ ಈ ಅಂಕ ಯಾರು ಕೊಟ್ಟದ್ದು ಮೇಷ್ಟ್ರೇ? ನೀವು ಕೊಟ್ಟ ಹಾಗೆ ನನಗೆ ಕಾಣಲಿಲ್ಲ. ಪ್ರಶಸ್ತಿ ಬಂದ ಪುಸ್ತಕ ಅಂತ 9, ಪತ್ತೇದಾರಿ ಥರ ಓಡುತ್ತದೆ ಅಂತ 5, ಹೆಂಗಸರು ಓದುವ ಕಥೆ ಅಂತ 3. ಊರಿನ ಮಾತಿಗೆ ಬಿದ್ದ ಅಂಕ ಇದು. ನಿಮ್ಮ ಓದು ಏನು ಅಂತ ಪತ್ರದ ಒಳಗಿನ ಸಾಲುಗಳು ಹೇಳುತ್ತಿವೆ. ನಾನು ಆ ಸಾಲುಗಳಿಗೆ ಉತ್ತರ ಕೊಡುತ್ತೇನೆ.

‘ಜುಗಾರಿ ಕ್ರಾಸ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವೇ ಚೆನ್ನಾಗಿ ಹೇಳಿದ್ದೀರಿ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಯಾವುದೋ ಜಾಲದೊಳಗೆ ಕಾಲಿಡುವುದು, ಕಾಡಿನ ಲೂಟಿ ಒಂದೊಂದಾಗಿ ತೆರೆದುಕೊಳ್ಳುವುದು, ಎಲ್ಲವನ್ನೂ ಹಿಡಿದಿದ್ದೀರಿ. ‘ಮಲೆನಾಡಿನ ಸಣ್ಣ ಬೆಳೆಗಾರನ ಕಷ್ಟ ನನಗೆ ಈ ಪುಸ್ತಕದಿಂದಲೇ ಗೊತ್ತಾಯಿತು’ ಅಂತ ಬರೆದವರು ಕೆಳಗೆ ‘ಆದರೂ ಇದು ಟೈಮ್‌ಪಾಸ್’ ಅಂತ ಯಾಕೆ ಸೇರಿಸಿದಿರಿ? ಮೇಷ್ಟ್ರೇ, ಇದೇ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲೂ ಒಂದು ಸಾವಿದೆ, ಅದರ ತನಿಖೆ ಇದೆ, ಪತ್ತೇದಾರಿ ಕಥೆಯ ಎಲ್ಲ ಸರಂಜಾಮೂ ಇದೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿ ಬೇರೆ, ಸಾಹಿತ್ಯ ಬೇರೆ ಅನ್ನುವ ಗೋಡೆ ಕನ್ನಡದಲ್ಲಿ ಯಾವತ್ತೋ ಬಿದ್ದಿದೆ. ಇನ್ನು ಎನ್. ನರಸಿಂಹಯ್ಯನವರ ಕಾದಂಬರಿಗಳ ನಾಯಕ, ಪತ್ತೇದಾರ ಪುರುಷೋತ್ತಮ. ಓದುವ ಚಟವನ್ನು ಅವನಿಂದಲೇ ಹತ್ತಿಸಿಕೊಂಡ ಹಿರಿಯರು ನಿಮ್ಮ ಊರಿನಲ್ಲೂ ಇದ್ದಾರು, ಕೇಳಿ ನೋಡಿ.

‘ಕನಕ ಮುಸುಕು’ ಬಗ್ಗೆ ನಿಮ್ಮದು ಎರಡು ದೂರು. ಪಾತ್ರಗಳು ನೆನಪಿನಲ್ಲಿ ಉಳಿಯುವುದಿಲ್ಲ ಅನ್ನುವುದು ಒಂದು. ಇದನ್ನು ನಾನೂ ಒಪ್ಪುತ್ತೇನೆ. ಅಲ್ಲಿ ಜನ ಜಾಸ್ತಿ ಹೊತ್ತು ಮಾಹಿತಿ ಹೊತ್ತುಕೊಂಡೇ ಓಡಾಡುತ್ತಾರೆ. ಅವರಿಗೆ ಸಿಟ್ಟು, ಸೆಡವು ಇನ್ನಷ್ಟು ಇರಬೇಕಿತ್ತು. ‘ಯಾವುದು ನಿಜ, ಯಾವುದು ಕಟ್ಟಿದ್ದು ಗೊತ್ತಾಗಲ್ಲ’ ಅನ್ನುವುದು ಎರಡನೆಯದು. ಇಲ್ಲಿ ಸ್ವಲ್ಪ ನಿಲ್ಲೋಣ. ಈ ಕಾದಂಬರಿಗೆ ಎಳೆ ಕೊಟ್ಟ ಸೋಮನಾಥಪುರದ ದೇವಸ್ಥಾನ 13ನೇ ಶತಮಾನದ್ದು. ಅಲ್ಲಿನ ಕೆಲವು ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥ ವಸ್ತು ಇದೆ. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆಯೇ ಅದು ಈ ಕಡೆಗೆ ಬಂತು ಅಂತ ನಾವೆಲ್ಲ ಓದಿದ್ದೇವೆ. ಹಾಗಾದರೆ ಹೊಯ್ಸಳರ ಕಾಲದ ಶಿಲ್ಪಿಗೆ ಅದು ಹೇಗೆ ಗೊತ್ತು? ಈ ಪ್ರಶ್ನೆ ಗಣೇಶಯ್ಯನವರು ಹುಟ್ಟಿಸಿದ್ದಲ್ಲ. 1989ರಲ್ಲಿ ಅಮೆರಿಕದ ಸಂಶೋಧಕರಿಬ್ಬರು ಅದು ಜೋಳದ ತೆನೆಯೇ ಅಂತ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. 1993ರಲ್ಲಿ ನಮ್ಮ ದೇಶದ ಇಬ್ಬರು ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ ಅಲ್ಲ ಅಂತ ಬರೆದರು. ಸಸ್ಯಶಾಸ್ತ್ರದವರು ಹೆಚ್ಚಿನವರು ಈ ಎರಡನೆಯ ಕಡೆಯೇ ಇದ್ದಾರೆ. ಗಣೇಶಯ್ಯನವರೂ ಕೃಷಿ ವಿಜ್ಞಾನಿ. ನಿಜವಾದ ಜಗಳವೊಂದನ್ನು ಎತ್ತಿಕೊಂಡು ಅದರ ಮೇಲೆ ಕಥೆ ಕಟ್ಟಿದ್ದಾರೆ. ಶಿಲ್ಪ ನಿಜ, ಪ್ರಶ್ನೆ ನಿಜ, ಉತ್ತರ ಕಥೆಯದ್ದು. ಸೋಮನಾಥಪುರಕ್ಕೆ ಹೋದರೆ ಆ ಕೈಗಳನ್ನು ಹತ್ತಿರ ನಿಂತು ನೋಡಿ. ಹಾಗೆ ನೋಡುವ ಮನಸ್ಸು ಬಂದರೆ, ಈ ಕಾದಂಬರಿಯಿಂದ ನಿಮಗೆ ಸಿಗಬೇಕಾದ್ದು ಸಿಕ್ಕಿತು ಅಂತಲೇ ಲೆಕ್ಕ.

‘ಘಾಚರ್ ಘೋಚರ್’ಗೆ ಬರೋಣ. ‘ಕೊನೆಯೇ ಇಲ್ಲ, ಏನಾಯಿತು ಅಂತ ಹೇಳದೆ ನಿಲ್ಲಿಸಿದ್ದಾರೆ’ ಅಂತ ಕೋಪ ಮಾಡಿಕೊಂಡಿದ್ದೀರಿ. ಓದದೆ ಇರುವವರಿಗಾಗಿ ಆ ಕೊನೆಯನ್ನು ನಾನೂ ಇಲ್ಲಿ ಬಿಟ್ಟುಕೊಡುವುದಿಲ್ಲ. ಆದರೆ ನೀವು ಹುಡುಕಿದ್ದು ಕೊನೆಯ ಪುಟದಲ್ಲಿ, ಶಾನಭಾಗರು ಇಟ್ಟದ್ದು ಮಧ್ಯದಲ್ಲಿ. ಹಳೆಯ ಮನೆಯ ಇರುವೆಗಳನ್ನು ನೆನಪು ಮಾಡಿಕೊಳ್ಳಿ. ಮೊದಮೊದಲು ಬೇಸರದಿಂದ ಕೊಲ್ಲುತ್ತಿದ್ದ ಮನೆಯವರು ಆಮೇಲೆ ಎಷ್ಟು ಸಲೀಸಾಗಿ ಹೊಸಕುತ್ತಾರೆ! ಆಮೇಲೆ ಚಿಕ್ಕಪ್ಪನನ್ನು ಹುಡುಕಿಕೊಂಡು ಬರುವ ಆ ಹೆಂಗಸು. ಅವನಿಗೆ ಇಷ್ಟ ಅಂತ ಮಸೂರ್ ಬೇಳೆಯ ಅಡುಗೆ ಮಾಡಿ ತಂದಿರುತ್ತಾಳೆ. ಮನೆಯ ಹೆಂಗಸರು ಬಾಗಿಲಲ್ಲೇ ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ದುಡ್ಡು ತರುವ ಚಿಕ್ಕಪ್ಪ ಹೊರಗೆ ಬರುವುದೇ ಇಲ್ಲ. ಕಥೆ ಹೇಳುವವನೂ ಅಲ್ಲೇ ಇದ್ದಾನೆ, ಅವನಿಂದಲೂ ಏನೂ ಆಗುವುದಿಲ್ಲ. ಅವನ ಹೆಂಡತಿ ಅನಿತಾಳೊಬ್ಬಳಿಗೆ ಅದು ತಡೆಯುವುದಿಲ್ಲ. ಈ ಮನೆ ತನಗೆ ಅಡ್ಡ ಬಂದವರನ್ನು ಏನು ಮಾಡುತ್ತದೆ ಅನ್ನುವುದು ಅಲ್ಲೇ ಗೊತ್ತಾಗಿಹೋಗುತ್ತದೆ. ಲೆಕ್ಕದ ಹಂತಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಕೊನೆಯ ಸಾಲನ್ನು ಹುಡುಗರೇ ಬರೆಯಲಿ ಅಂತ ಚಾಕ್‌ಪೀಸ್ ಕೆಳಗಿಡುವುದು ನಿಮಗೆ ಹೊಸದಲ್ಲವಲ್ಲ. ಇನ್ನೊಮ್ಮೆ ಓದಿ. ಚಿಕ್ಕ ಪುಸ್ತಕ, ಒಂದು ಮಧ್ಯಾಹ್ನ ಸಾಕು.

‘ಕುಸುಮಬಾಲೆ’ಯನ್ನು ಬಿಟ್ಟದ್ದು ಭಾಷೆ ಎಟುಕಲಿಲ್ಲ ಅಂತ. ತಿಪಟೂರಿನ ಕಿವಿಗೆ ನಂಜನಗೂಡು ಸೀಮೆಯ ಮಾತು ಹೊಸದೇ ಇರಬಹುದು. ಹಾಗಂತ ಅದನ್ನು ಗೌರವದಿಂದ ಕಪಾಟಿನಲ್ಲಿಟ್ಟು 9 ಅಂಕ ಕೊಡುವುದು ಆ ಪುಸ್ತಕಕ್ಕೆ ಮಾಡುವ ಅನ್ಯಾಯ. ಅದು ಪೂಜೆ ಮಾಡಿಸಿಕೊಳ್ಳಲು ಬಂದ ಪುಸ್ತಕ ಅಲ್ಲವೇ ಅಲ್ಲ. ಅಲ್ಲಿ ಮಂಚ ಮಾತಾಡುತ್ತದೆ. ದೀಪಗಳ ಜೀವವಾದ ಜೋತಮ್ಮಗಳು ರಾತ್ರಿ ಒಂದು ಕಡೆ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಕೇಳುತ್ತಾ ಕೇಳುತ್ತಾ ಇಡೀ ಊರಿನ ಜಾತಿ, ಹಸಿವು, ಪ್ರೀತಿ, ಕೊಲೆ ಎಲ್ಲ ನಮ್ಮ ಮುಂದೆ ಬರುತ್ತದೆ. ನೀವು ಮೌನವಾಗಿ, ಪೇಪರ್ ಓದುವ ಹಾಗೆ ಓದಿರಬೇಕು. ಬಾಯಿಬಿಟ್ಟು ಓದಿ ನೋಡಿ. ಒಂದು ಪುಟ, ಬೇಡ, ಅರ್ಧ ಪುಟ. ಕಣ್ಣಿಗೆ ತೊಡಕಾಗಿದ್ದ ಪದ ಕಿವಿಗೆ ಥಟ್ಟನೆ ಗುರುತು ಸಿಗುತ್ತದೆ. ಚಾಮರಾಜನಗರ ಕಡೆಯ ಸ್ನೇಹಿತರಿದ್ದರೆ ಅವರಿಂದ ಓದಿಸಿ ಕೇಳಿ. ಅದೂ ಆಗದಿದ್ದರೆ ಮೊದಲು ಮಹಾದೇವ ಅವರದೇ ‘ಒಡಲಾಳ’ ಓದಿ. ಒಂದು ಮೂಟೆ ಕಳ್ಳೆಕಾಯಿಯನ್ನು ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುವ ಭಾಗ ಅದರಲ್ಲಿದೆ. ಹಸಿವಿನ ಬಗ್ಗೆ ಅಷ್ಟು ಸಂತೋಷದಿಂದ ಬರೆದ ಪುಟಗಳು ಕನ್ನಡದಲ್ಲಿ ಬೇರೆ ಇದ್ದರೆ ನನಗೆ ತೋರಿಸಿ.

ಇನ್ನು ‘ಶರಪಂಜರ’. ನನಗೆ ನಿಜವಾಗಿ ಬೇಜಾರಾದದ್ದು ಈ 3 ಅಂಕಕ್ಕೆ. ‘ಹೆಂಗಸರ ಅಳುವ ಕಥೆ, ಮನೆಯವರು ಹೇಳಿದ್ದಕ್ಕೆ ಓದಿದೆ’ ಅಂತ ಒಂದೇ ಸಾಲು. ಮೇಷ್ಟ್ರೇ, ಆ ಕಥೆಯಲ್ಲಿ ಅಳು ಎಷ್ಟಿದೆ, ನೋಡುವ ಕಣ್ಣು ಎಷ್ಟಿದೆ, ಮತ್ತೆ ಲೆಕ್ಕ ಹಾಕಿ. ಬಾಣಂತನದ ಹೊತ್ತಿನಲ್ಲಿ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ ಕಾವೇರಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಕಾಯಿಲೆ ವಾಸಿಯಾಗಿದೆ, ಸುತ್ತಲಿನವರ ಅನುಮಾನ ವಾಸಿಯಾಗಿಲ್ಲ. ಜೋರಾಗಿ ಮಾತಾಡಿದರೆ ಹುಚ್ಚು, ಸುಮ್ನೆ ಕೂತರೂ ಹುಚ್ಚು. ಗಂಡ ದೂರ ಸರಿಯುತ್ತಾನೆ. ಎಲ್ಲರಿಗೂ ಬರುವ ಸಿಟ್ಟು ಅವಳಿಗೆ ಬರುವ ಹಾಗಿಲ್ಲ. ತ್ರಿವೇಣಿಯವರು ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಹೆರಿಗೆಯ ನಂತರದ ಮಾನಸಿಕ ಕಾಯಿಲೆ ಅಂತ ಈಗ ಡಾಕ್ಟರುಗಳು ಹೇಳುವುದನ್ನು, ಮನೆಗಳಲ್ಲಿ ದೆವ್ವ ಮೆಟ್ಟಿಕೊಂಡಿದೆ ಅನ್ನುತ್ತಿದ್ದ ಕಾಲದಲ್ಲಿ ಅವರು ಕಾದಂಬರಿಯಲ್ಲಿ ಇಟ್ಟರು. 1963ರಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ತುಂಬಿರಲಿಲ್ಲ. ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಪುಟ್ಟಣ್ಣ ಕಣಗಾಲ್ ಸಿನಿಮಾ ನೋಡಿ ಅಳುವ ಕಥೆ ಅಂತ ತೀರ್ಮಾನ ಮಾಡಿದವರು ತುಂಬಾ ಜನ ಇದ್ದಾರೆ. ಪುಸ್ತಕ ಅದಕ್ಕಿಂತ ಗಟ್ಟಿ, ಎದುರಿಗೆ ಕೂತು ಪ್ರಶ್ನೆ ಕೇಳುವ ಥರದ್ದು. ಹೆಂಗಸರು ಇವನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓದಿದರು ಅನ್ನುವುದು ಒಂದು ಕುಂದು ಹೇಗಾಯಿತು? ಗಂಡಸರು ಓದಲಿಲ್ಲ ಅನ್ನುವುದೇ ನಷ್ಟ, ಅಲ್ವಾ?

ಮುಂದೆ ಏನು ಓದಲಿ ಅಂತ ಕೇಳಿದ್ದೀರಿ. ‘ಚಿದಂಬರ ರಹಸ್ಯ’, ‘ಒಡಲಾಳ’ ಹೇಳಿಯಾಯಿತು. ಇತಿಹಾಸ ಬೇಕು ಅಂದರೆ ವಸುಧೇಂದ್ರ ಅವರ ‘ತೇಜೋ-ತುಂಗಭದ್ರಾ’. ಲಿಸ್ಬನ್ ಊರಿನ ನದಿಯ ದಂಡೆಯಿಂದ ವಿಜಯನಗರದ ಕಾಲದ ತುಂಗಭದ್ರೆಯವರೆಗೆ ಹರಿಯುವ ಕಥೆ. ದಪ್ಪ ಪುಸ್ತಕ, ಆದರೆ ಓದಿಸಿಕೊಂಡು ಹೋಗುತ್ತದೆ. ‘ಶರಪಂಜರ’ವನ್ನು ಮತ್ತೆ ಓದಿದ ಮೇಲೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಹಿಡಿಯಿರಿ. ಮಕ್ಕಳಾಟದ ವಯಸ್ಸಿನಲ್ಲೇ ವಿಧವೆಯಾದ ಹುಡುಗಿ ಮುದುಕಿಯಾಗುವವರೆಗಿನ ಕಥೆ, ಒಂದು ಚೂರೂ ಗೋಳಾಟವಿಲ್ಲದೆ.

ನಿಮ್ಮ ‘ಜುಗಾರಿ ಕ್ರಾಸ್’ ಪುಟಗಳನ್ನು ಮುಂದಿನ ಸಂಚಿಕೆಯಲ್ಲಿ ಹಾಕಬೇಕೆಂದಿದ್ದೇವೆ, ಅಂಕ ಬಿಟ್ಟು. ಒಪ್ಪಿಗೆ ಕೊಡಿ. ಇನ್ನೊಂದು ಮಾತು. ‘ಶರಪಂಜರ’ ಓದಿ ಅಂತ ನಿಮ್ಮ ಮನೆಯವರು ಯಾಕೆ ಹೇಳಿದರು ಅನ್ನುವುದನ್ನು ನೀವು ಬರೆದಿಲ್ಲ. ಅವರನ್ನು ಕೇಳಿ. ಸಾಧ್ಯವಾದರೆ ಅವರೇ ನಮಗೊಂದು ಪತ್ರ ಬರೆಯಲಿ. ಪುಟದ ಮಿತಿ ಇಲ್ಲ.

ನಿಮ್ಮ,
ಸಂಪಾದಕ