ಅಂಗಡಿಗೆ ಆ್ಯಪ್ ಬೇಕಾ? ಮೊದಲು ಪಿಗ್ಮಿಯ ಕತೆ ಕೇಳಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಲ್ಪೆಯಲ್ಲಿ ಅಪ್ಪನ ದಿನಸಿ ಅಂಗಡಿ ಇದೆ, ನೀವು ಮಂಗಳೂರಿನಲ್ಲಿ ಎಂಬಿಎ ಓದುತ್ತಿದ್ದೀರಿ. ಕ್ಲಾಸಿನಲ್ಲಿ ಇನ್ನೋವೇಶನ್ ಅಂದರೆ ಬರೀ ಅಮೆರಿಕದ ಕಂಪನಿಗಳ ಮಾತು. ‘ಈ ತಜ್ಞರು ಹೇಳುವುದು ನಮ್ಮ ಅಂಗಡಿಗೆ ಉಪಯೋಗಕ್ಕೆ ಬರುತ್ತದಾ, ಇಲ್ಲಾ ಸುಮ್ನೆ ಒಂದು ಆ್ಯಪ್ ಮಾಡಿಸಿಬಿಡಲಾ’ ಅಂತ ಕೇಳಿದ್ದೀರಿ.

ಖಂಡಿತ ಬರುತ್ತದೆ. ಆದರೆ ನಮ್ಮೂರಿನ ಒಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ನಾನು ಉಡುಪಿಯವನು. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ್ದೇನೆ, ಅದರಲ್ಲಿ ಹೆಚ್ಚು ಕಾಲ ಸಾಲದ ವಿಭಾಗದಲ್ಲಿ. ನನ್ನ ಮಟ್ಟಿಗೆ ಆ ಉದಾಹರಣೆ ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಬ್ಯಾಂಕಿನ ಠೇವಣಿ.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಶುರು ಮಾಡಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಆಗ ಕೈಮಗ್ಗದವರ ಪರಿಸ್ಥಿತಿ ತುಂಬಾ ಕೆಟ್ಟಿತ್ತು. ಊರಿನವರ ಸಣ್ಣ ಸಣ್ಣ ಉಳಿತಾಯ ಕೂಡಿಸಿ ನೇಕಾರರಿಗೆ ಸಾಲ ಕೊಡಬೇಕು ಅನ್ನುವುದು ಅವರ ಯೋಚನೆ. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರೇ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆಗ ರೂಪಾಯಿಗೆ ಹದಿನಾರು ಆಣೆ, ದಿನಕ್ಕೆ ಎರಡಾಣೆ ಅಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಒಟ್ಟಿಗೆ ಅಷ್ಟು ಹಣವನ್ನು ಕಣ್ಣಲ್ಲಿ ಕಾಣದವರ ಕೈಗೆ ಅದು ಬಂತು.

ಈಗ ತಜ್ಞರ ಕಡೆ ಬರೋಣ. ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1911ರಲ್ಲೇ ಹೇಳಿದ್ದು ಇದು: ಇರುವುದನ್ನೇ ಹೊಸದಾಗಿ ಜೋಡಿಸುವವನು ಉದ್ಯಮಿ. ಹೊಸ ಸರಕು ತರುವುದು ಅದರಲ್ಲಿ ಒಂದು ಬಗೆ ಮಾತ್ರ. ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾ ಮಾಲಿಗೆ ಹೊಸ ಮೂಲ, ವ್ಯವಹಾರಕ್ಕೆ ಹೊಸ ಏರ್ಪಾಡು, ಇವೆಲ್ಲವೂ ಅವರ ಪಟ್ಟಿಯಲ್ಲಿವೆ. ಅವರು ಬರೀ ಪಾಠ ಹೇಳಿದವರಲ್ಲ. ವಿಯೆನ್ನಾದ ಒಂದು ಬ್ಯಾಂಕಿನ ಅಧ್ಯಕ್ಷರಾಗಿದ್ದರು, 1924ರಲ್ಲಿ ಅದು ಮುಳುಗಿದಾಗ ಕೈಸುಟ್ಟುಕೊಂಡು ವರ್ಷಗಟ್ಟಲೆ ಸಾಲ ತೀರಿಸಿದರು. ಹಾಗಾಗಿ ಅವರ ಮಾತನ್ನು ನಾನು ಗೌರವದಿಂದ ಓದುತ್ತೇನೆ.

ಪಿಗ್ಮಿಯಲ್ಲಿ ಏನಿತ್ತು ಹೇಳಿ? ನಡೆಯುವ ಎರಡು ಕಾಲು, ಎರಡಾಣೆ, ಒಂದು ಚಿಕ್ಕ ಪುಸ್ತಕ. ಮೂರೂ ಮೊದಲೇ ಇದ್ದವು. ಬ್ಯಾಂಕಿಗೆ ಹೋಗಿ ಬರುವ ತೊಂದರೆ ಅಲ್ಲಿಯವರೆಗೆ ಗಿರಾಕಿಯ ತಲೆಯ ಮೇಲಿತ್ತು. ಅದನ್ನು ಬ್ಯಾಂಕು ತಾನು ಹೊತ್ತುಕೊಂಡಿತು. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ: ಯಾರ ತೊಂದರೆಯನ್ನು ನೀವು ನಿಮ್ಮ ಮೇಲೆ ಹಾಕಿಕೊಳ್ಳುತ್ತೀರಿ?

ನನ್ನ ಅಮ್ಮನಿಗೆ ಸಂತೆಕಟ್ಟೆಯಲ್ಲಿ ಒಂದು ಗೂಡಂಗಡಿ ಇತ್ತು. ಬೀಡಿ, ಬಾಳೆಹಣ್ಣು, ಸೋಡಾ. ಸಂಜೆ ನಾಲ್ಕಕ್ಕೆ ಪಿಗ್ಮಿಯವರು ಬರುತ್ತಾರೆ ಅಂತ ಬೆಳಿಗ್ಗೆಯ ಮೊದಲ ಎರಡು ರೂಪಾಯಿಯನ್ನು ಅಮ್ಮ ಹಾರ್ಲಿಕ್ಸ್ ಬಾಟಲಿಯಲ್ಲಿ ಬೇರೆ ಇಡುತ್ತಿದ್ದರು. ನನ್ನ ಕಾಲೇಜು ಫೀಸು ಆ ಬಾಟಲಿಯಿಂದ ಬಂದದ್ದು. ಅಮ್ಮನೇ ಬಸ್ಸು ಹತ್ತಿ ಬ್ಯಾಂಕಿಗೆ ಹೋಗಬೇಕಿದ್ದರೆ ಅಂಗಡಿ ಅರ್ಧ ದಿನ ಮುಚ್ಚಬೇಕಿತ್ತು. ಎರಡು ರೂಪಾಯಿಗಾಗಿ ಯಾರು ಅಂಗಡಿ ಮುಚ್ಚುತ್ತಾರೆ, ಅಲ್ವಾ?

ಪಿಗ್ಮಿಗೆ ಇನ್ನೊಂದು ಮುಖ ಇದೆ. ಅದು ನನಗೆ ಗೊತ್ತಾದದ್ದು ತಪ್ಪು ಮಾಡಿದ ಮೇಲೆ. ಅರ್ಥಶಾಸ್ತ್ರಜ್ಞರಾದ ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಆಂಡ್ರ್ಯೂ ವೈಸ್ 1981ರಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು. ಜಾಸ್ತಿ ಬಡ್ಡಿ ಕೊಡುತ್ತೇನೆ ಅಂದರೂ ಬ್ಯಾಂಕು ಕೆಲವರಿಗೆ ಸಾಲ ಕೊಡುವುದಿಲ್ಲ. ಯಾಕೆಂದರೆ ಯಾರು ತೀರಿಸುವವರು, ಯಾರು ತೀರಿಸದವರು ಅಂತ ಬ್ಯಾಂಕಿಗೆ ಗೊತ್ತಿಲ್ಲ. ಬಡ್ಡಿ ಏರಿಸಿದರೆ ಪ್ರಾಮಾಣಿಕರು ಹಿಂದೆ ಸರಿಯುತ್ತಾರೆ, ಅಪಾಯಕ್ಕೆ ಹೆದರದವರು ಉಳಿಯುತ್ತಾರೆ. ಗೊತ್ತಿಲ್ಲದಿರುವುದೇ ಇಲ್ಲಿ ಮೂಲ ಸಮಸ್ಯೆ.

ನಾನು ಸಾಲದ ವಿಭಾಗಕ್ಕೆ ಹೊಸದಾಗಿ ಬಂದಿದ್ದೆ. ಮೀನು ಮಾರುವ ಒಬ್ಬರು ಐದು ಸಾವಿರ ಸಾಲ ಕೇಳಿಕೊಂಡು ಬಂದರು. ಏಲಂನಲ್ಲಿ ಮೀನು ಎತ್ತಲು ಕೈಯಲ್ಲಿ ಹಣ ಬೇಕಿತ್ತು. ಜಾಗದ ಪತ್ರ ಇಲ್ಲ, ಜಾಮೀನು ಇಲ್ಲ. ಆಗುವುದಿಲ್ಲ ಅಂದೆ. ಅವರು ಏನೂ ಹೇಳದೆ ಬುಟ್ಟಿ ಎತ್ತಿಕೊಂಡು ಹೋದರು. ಸಂಜೆ ನಮ್ಮ ಪಿಗ್ಮಿ ಕಲೆಕ್ಟರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ‘ಸರ್, ಆ ಅಕ್ಕ ಆರು ವರ್ಷದಿಂದ ನನ್ನ ಪುಸ್ತಕದಲ್ಲಿದ್ದಾರೆ. ಮಳೆಗಾಲದಲ್ಲಿ ಕಟ್ಟುವುದಿಲ್ಲ, ಬೋಟು ಹೋಗುವುದಿಲ್ಲ ಅಲ್ವಾ. ಬೋಟು ಇಳಿದ ವಾರ ನಾನು ಕೇಳುವ ಮೊದಲೇ ಕಟ್ಟುತ್ತಾರೆ’ ಅಂದರು. ಮರುದಿನ ನಾನೇ ಮೀನು ಮಾರ್ಕೆಟ್ಟಿಗೆ ಹೋಗಿ ಅವರನ್ನು ಕರೆದುಕೊಂಡು ಬಂದೆ. ಆ ಸಾಲದ ಒಂದು ಕಂತೂ ತಪ್ಪಲಿಲ್ಲ.

ನನಗೆ ಪತ್ರದಲ್ಲಿ ಸಿಗದ ವಿಷಯ ಕಲೆಕ್ಟರ್ ಅವರ ಪುಸ್ತಕದಲ್ಲಿತ್ತು. ಪಿಗ್ಮಿಯಿಂದ ಬ್ಯಾಂಕು ಹಣದ ಜೊತೆಗೆ ಜನರ ಪರಿಚಯವನ್ನೂ ಕೂಡಿಹಾಕಿತ್ತು.

ಇವತ್ತು ಆ ಕೆಲಸದ ಒಂದು ಭಾಗವನ್ನು ಕ್ಯೂಆರ್ ಕೋಡ್ ಮಾಡುತ್ತಿದೆ. 2016ರಲ್ಲಿ ಯುಪಿಐ ಬಂದ ಮೇಲೆ ನಿಮ್ಮ ಅಪ್ಪನಂಥವರ ದಿನದ ವ್ಯಾಪಾರ ತಾನಾಗಿಯೇ ದಾಖಲಾಗುತ್ತದೆ. ಸಾಲ ಕೊಡುವವರಿಗೆ ಅದನ್ನು ತೋರಿಸಬಹುದು. ಇದು ದೊಡ್ಡ ಬದಲಾವಣೆ, ನನಗೆ ಅದರ ಬಗ್ಗೆ ನಿಜವಾಗಿ ಸಂತೋಷ ಇದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಮಲ್ಪೆಯ ಅಂಗಡಿಯ ಲೆಕ್ಕ ಇಳಿಯುತ್ತದೆ. ದೂರದಲ್ಲಿ ಕೂತು ಲೆಕ್ಕ ನೋಡುವ ಸಾಫ್ಟ್‌ವೇರಿಗೆ ಅಲ್ಲೊಂದು ತಗ್ಗು ಕಾಣುತ್ತದೆ. ಕಲೆಕ್ಟರಿಗೆ ಆ ತಗ್ಗಿನ ಕಾರಣ ಗೊತ್ತಿತ್ತು.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಗಿರಾಕಿಯ ತಲೆಯಿಂದ ಇಳಿದ ತೊಂದರೆ ಎಲ್ಲಿಗೆ ಹೋಯಿತು? ಕಲೆಕ್ಟರುಗಳ ಕಾಲಿಗೆ. ಸಂಬಳ ಇಲ್ಲ, ಕಮಿಷನ್ ಮಾತ್ರ, ಮಳೆಯಲ್ಲಿ ಕೊಡೆ ಹಿಡಿದು ಮನೆ ಮನೆ. ಅವರು ಕಾರ್ಮಿಕರೇ ಹೌದು, ಆ ಕಮಿಷನ್ ವೇತನವೇ ಹೌದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಪಿಗ್ಮಿ ಶುರುವಾಗಿ 73 ವರ್ಷದ ಮೇಲೆ! ಹೊಸ ಏರ್ಪಾಡಿನ ಖರ್ಚು ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆಯನ್ನು ನಿಮ್ಮ ಕ್ಲಾಸಿನಲ್ಲಿ ದಯವಿಟ್ಟು ಎತ್ತಿ. ಮನೆಗೆ ಸಾಮಾನು ತಲುಪಿಸುವ ಹುಡುಗರ ವಿಷಯದಲ್ಲಿ ಇವತ್ತು ಅದೇ ಪ್ರಶ್ನೆ ಎದುರಿಗಿದೆ.

2025ರ ಅರ್ಥಶಾಸ್ತ್ರದ ನೊಬೆಲ್ ಜೋಯೆಲ್ ಮೋಕಿರ್, ಫಿಲಿಪ್ ಅಘಿಯೋನ್ ಮತ್ತು ಪೀಟರ್ ಹೊವಿಟ್ ಅವರಿಗೆ ಬಂತು, ಇದೇ ಹೊಸತನ ಮತ್ತು ಬೆಳವಣಿಗೆಯ ಅಧ್ಯಯನಕ್ಕೆ. ಹೊಸದು ಬಂದಾಗ ಹಳೆಯದು ಜಾಗ ಬಿಡುತ್ತದೆ ಅನ್ನುವುದನ್ನು ಅಘಿಯೋನ್ ಮತ್ತು ಹೊವಿಟ್ ಗಣಿತದಲ್ಲಿ ತೋರಿಸಿದರು. ಇದನ್ನು ಓದಿ ಕೆಲವರು ನಮ್ಮ ಕರಾವಳಿಯ ಬ್ಯಾಂಕುಗಳ ಕತೆಗೂ ಅಂಟಿಸುತ್ತಾರೆ. ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಅದು ಸರ್ಕಾರದ ತೀರ್ಮಾನ. ಹೊಸ ಯೋಚನೆಯ ಎದುರು ಸೋತದ್ದರಿಂದ ಆದದ್ದಲ್ಲ. ಎರಡನ್ನೂ ಬೆರೆಸಬೇಡಿ.

ನಿಮ್ಮ ಅಂಗಡಿಗೆ ಜಾಸ್ತಿ ಹತ್ತಿರವಾಗುವವರು ಹಾರ್ವರ್ಡಿನ ಕ್ಲೇಟನ್ ಕ್ರಿಸ್ಟೆನ್ಸನ್. ದೊಡ್ಡ ಕಂಪನಿಗಳು ತಮ್ಮ ಒಳ್ಳೆಯ ಗಿರಾಕಿಗಳ ಮಾತನ್ನೇ ಕೇಳುತ್ತಾ ಸಣ್ಣವರನ್ನು ಬಿಟ್ಟುಬಿಡುತ್ತವೆ, ಹೊಸಬರು ಅಲ್ಲಿಂದ ಒಳಗೆ ಬರುತ್ತಾರೆ ಅಂದವರು ಅವರು. ಕೊಳ್ಳುವವರನ್ನು ನೋಡಿದರೆ ಸಾಲದು, ಕೊಳ್ಳಲಾಗದೆ ಇರುವವರನ್ನೂ ನೋಡಬೇಕು ಅನ್ನುವುದು ಅವರಿಂದ ನಾನು ಕಲಿತದ್ದು.

ಆದ್ದರಿಂದ ಆ್ಯಪ್ ಸದ್ಯಕ್ಕೆ ಬೇಡ. ರಜೆಯಲ್ಲಿ ಒಂದು ತಿಂಗಳು ಗಲ್ಲಾದಲ್ಲಿ ಕೂತುಕೊಳ್ಳಿ. ಯಾರು ಏನು ಕೇಳಿ ಬರಿಗೈಲಿ ಹೋದರು ಅಂತ ಬರೆಯಿರಿ. ಅಕ್ಕಿ ಐದು ಕಿಲೋ ಪ್ಯಾಕೆಟ್ಟೇ ಇತ್ತಾ, ಒಂದು ಕಿಲೋ ಬೇಕಿತ್ತಾ? ರಾತ್ರಿ ಬಂದರಿನಿಂದ ಬರುವಷ್ಟರಲ್ಲಿ ಬಾಗಿಲು ಹಾಕಿತ್ತಾ? ಅಪ್ಪ ಗಿರಾಕಿಗಳಿಗೆ ಕೊಟ್ಟ ಸಾಲದ ಪುಸ್ತಕವನ್ನೂ ಕೇಳಿ ತೆಗೆದುಕೊಳ್ಳಿ. ಜೂನ್, ಜುಲೈಯಲ್ಲಿ ಯಾರಿಗೆ ಎಷ್ಟು ಹೋಯಿತು, ಆಗಸ್ಟಿನ ನಂತರ ಹೇಗೆ ವಾಪಸ್ ಬಂತು, ಮೂರು ವರ್ಷದ್ದು ಒಂದು ಹಾಳೆಯಲ್ಲಿ ಇಳಿಸಿ. ಅಪ್ಪ ಆ ಎರಡು ತಿಂಗಳು ಊರಿಗೆ ಬ್ಯಾಂಕಿನ ಕೆಲಸವನ್ನೇ ಮಾಡುತ್ತಿದ್ದಾರೆ. ಆ ಹಾಳೆ ಮತ್ತು ಯುಪಿಐ ಲೆಕ್ಕ ಎರಡನ್ನೂ ಹಿಡಿದು ನಿಮ್ಮ ಬ್ಯಾಂಕಿಗೋ ಸೊಸೈಟಿಗೋ ಹೋಗಿ, ಜೂನ್‌ಗೆ ಮೊದಲೇ ದಾಸ್ತಾನಿಗೆ ಸಾಲ ಕೇಳಿ, ಕಂತು ಸೆಪ್ಟೆಂಬರಿನಿಂದ ಇರಲಿ ಅಂತ ಮಾತಾಡಿ.

ಒಂದು ಎಚ್ಚರಿಕೆ. ಮಳೆಗಾಲಕ್ಕೆ ಅಂತ ಗಿರಾಕಿಗಳಿಂದ ನೀವೇ ದಿನಾ ಹಣ ಕೂಡಿಸಿ ಬಡ್ಡಿ ಕೊಡುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. 2019ರ ಕಾನೂನಿನ ಪ್ರಕಾರ ಅನುಮತಿ ಇಲ್ಲದೆ ಜನರಿಂದ ಠೇವಣಿ ತೆಗೆದುಕೊಳ್ಳುವುದು ಅಪರಾಧ. ಅದನ್ನು ಪಿಗ್ಮಿ ಇರುವ ಸೊಸೈಟಿಗೆ ಬಿಡಿ. ಅವರ ಕಲೆಕ್ಟರ್ ಸಂಜೆ ನಿಮ್ಮ ಅಂಗಡಿ ಮುಂದೆಯೇ ಹೋಗುತ್ತಿರುತ್ತಾರೆ. ಒಂದು ದಿನ ಕೂರಿಸಿ ಚಾ ಕೊಟ್ಟು, ಆ ಬೀದಿಯಲ್ಲಿ ಯಾರಿಗೆ ಏನು ಬೇಕಿದೆ ಅಂತ ಅವರನ್ನು ಕೇಳಿ.