ಕಡತದಲ್ಲಿ ನೀವೂ ಇರಬೇಕು

ಮದ್ದೂರು ತಾಲ್ಲೂಕಿನ ಸ್ವಯಂಸೇವಾ ಸಂಸ್ಥೆಯೊಂದರ ಕಾರ್ಯದರ್ಶಿಯಾಗಿರುವ ಓದುಗರೊಬ್ಬರು ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಸಂಸ್ಥೆಯ ಕಾರ್ಯಕರ್ತೆಯರು ಮೂರು ವರ್ಷಗಳಿಂದ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಸಂಜೆ ಐದರಿಂದ ಏಳರವರೆಗೆ ಮಕ್ಕಳಿಗೆ ಕಥೆ ಓದಿಸುವ, ಪಾಠ ಹೇಳಿಕೊಡುವ ಕೆಲಸ ನಡೆಸಿಕೊಂಡು ಬಂದಿದ್ದರು. ಹಿಂದಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟಿದ್ದರು, ಅವರಿಗೆ ವರ್ಗವಾಯಿತು. ಹೊಸದಾಗಿ ಬಂದವರು "ನೀವು ಯಾರು, ಯಾವ ಆದೇಶದ ಮೇಲೆ ಇಲ್ಲಿಗೆ ಬರುತ್ತೀರಿ" ಎಂದು ಕೇಳಿ ಕೊಠಡಿಯ ಕೀಲಿಯನ್ನು ಹಿಂದಕ್ಕೆ ಪಡೆದಿದ್ದಾರೆ. ಸಂಸ್ಥೆ ಕೊಡಿಸಿದ ಎರಡು ಕಪಾಟುಗಳೂ ಪುಸ್ತಕಗಳೂ ಒಳಗೇ ಉಳಿದಿವೆ. "ಸರ್ಕಾರದ ಜೊತೆ ಸೇರಿ ಕೆಲಸ ಮಾಡಿದ್ದೇ ತಪ್ಪಾಯಿತೇ? ಊರಿನ ಹಿರಿಯರೊಬ್ಬರು ತಮ್ಮ ಮನೆಯ ಜಗಲಿ ಬಿಟ್ಟುಕೊಡುತ್ತೇನೆ ಎನ್ನುತ್ತಿದ್ದಾರೆ, ಅಲ್ಲಿಗೇ ಹೋಗಿಬಿಡೋಣವೇ?" ಎಂಬುದು ಅವರ ಪ್ರಶ್ನೆ. ಪಂಚಾಯಿತಿಯವರ ಮಾತನ್ನು ನಾವಿನ್ನೂ ಕೇಳಿಲ್ಲವಾದ್ದರಿಂದ ಊರಿನ ಹೆಸರನ್ನೂ ಪತ್ರ ಬರೆದವರ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ.

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ವರ್ಷ ಸಂಜೆಯ ಹೊತ್ತು ಮನೆಗೆಲಸ ಬಿಟ್ಟು ಬಂದು ದುಡಿದ ಹೆಣ್ಣುಮಕ್ಕಳಿಗೆ "ನೀವು ಯಾರು" ಎಂಬ ಪ್ರಶ್ನೆ ಎಷ್ಟು ನೋವು ತಂದಿರಬಹುದು ಎಂಬುದು ನನಗೆ ಅರ್ಥವಾಗುತ್ತದೆ. ಆ ಮಾತನ್ನು ಕುಳ್ಳಿರಿಸಿ, ನೀರು ಕೊಟ್ಟು, ಮೆಲ್ಲಗೆ ಕೇಳಬಹುದಿತ್ತು. ಆದರೆ ಕೇಳಿದ ರೀತಿ ಬೇರೆ, ಕೇಳಿದ ಪ್ರಶ್ನೆ ಬೇರೆ. ಪ್ರಶ್ನೆ ಸರಿಯಾದದ್ದೇ ಎಂದು ನಾನು ಭಾವಿಸುತ್ತೇನೆ. ಹಾಗೆನ್ನಲು ನನ್ನ ಸ್ವಂತ ಅನುಭವವೊಂದು ಕಾರಣ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾವು ಏಳೆಂಟು ಮಂದಿ ಗೆಳೆಯರು ಮಂಡ್ಯ ಜಿಲ್ಲೆಯ ಒಂದು ಊರಿನ ಕೆರೆಯ ಹೂಳೆತ್ತಿಸಲು ಕೈ ಹಾಕಿದ್ದೆವು. ಅಧಿಕಾರಿಯೊಬ್ಬರು "ಮಾಡಿ, ಮಾಡಿ, ಒಳ್ಳೆಯ ಕೆಲಸ" ಎಂದು ಬೆನ್ನು ತಟ್ಟಿದ್ದರು. ನಮಗೆ ಅಷ್ಟೇ ಸಾಕಾಗಿತ್ತು. ಬೇಸಿಗೆಯಲ್ಲಿ ರೈತರೇ ಟ್ರ್ಯಾಕ್ಟರ್ ತಂದು ಗೋಡು ಮಣ್ಣನ್ನು ತಮ್ಮ ಹೊಲಗಳಿಗೆ ಸಾಗಿಸಿಕೊಂಡರು. ತೂಬಿನ ಬಾಯಿ ಕಾಣುವಷ್ಟು ಕೆರೆ ಹಗುರಾಯಿತು. ಅಷ್ಟರಲ್ಲಿ ಆ ಅಧಿಕಾರಿ ಬೇರೆ ಜಿಲ್ಲೆಗೆ ಹೋದರು. ಅನುಮತಿಯಿಲ್ಲದೆ ಕೆರೆಯ ಮಣ್ಣು ತೆಗೆದಿದ್ದೀರಿ ಎಂದು ನಮಗೆ ನೋಟಿಸು ಬಂತು. ಕೋಪದಿಂದ ಕಚೇರಿಗೆ ಹೋದಾಗ ನಿವೃತ್ತಿಯ ಅಂಚಿನಲ್ಲಿದ್ದ ಗುಮಾಸ್ತರೊಬ್ಬರು ನಮ್ಮ ಕೂಗಾಟವೆಲ್ಲ ಮುಗಿಯುವವರೆಗೆ ಕಾದು, ಕೆಂಪು ದಾರದಿಂದ ಕಟ್ಟಿದ್ದ ಕಟ್ಟನ್ನು ಬಿಚ್ಚಿ, ಒಂದೊಂದೇ ಹಾಳೆ ತಿರುವಿ ತೋರಿಸಿದರು. ಕೆರೆಯ ವಿಸ್ತೀರ್ಣವಿತ್ತು, ಏರಿಯ ದುರಸ್ತಿಯ ಹಳೆಯ ಅಂದಾಜು ಪಟ್ಟಿಯಿತ್ತು, ಮೀನು ಹಿಡಿಯುವ ಹಕ್ಕಿನ ಹರಾಜಿನ ಕಾಗದವಿತ್ತು. "ನಿಮ್ ಕೆಲ್ಸ ಒಳ್ಳೇದೇ ಕಣಪ್ಪ, ಆದ್ರೆ ಕಡತದಲ್ಲಿ ನೀವೇ ಇಲ್ವಲ್ಲ" ಎಂದರು. ಆ ಮಾತಿಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಅವರೇ ಒಂದು ಬಿಳಿ ಹಾಳೆ ಕೊಟ್ಟು ಅರ್ಜಿ ಬರೆಸಿದರು, ನಕಲು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿ ದಿನಾಂಕ ಹಾಕಿಸಿಕೊಳ್ಳುವುದನ್ನು ಹೇಳಿಕೊಟ್ಟರು. ಅನುಮತಿ ಸಿಗಲು ಏಳು ತಿಂಗಳು ಹಿಡಿಯಿತು. ಒಂದು ಬೇಸಿಗೆ ಕೈತಪ್ಪಿತು. ಆದರೆ ಆಮೇಲೆ ಮೂವರು ಅಧಿಕಾರಿಗಳು ಬದಲಾದರೂ ಕೆಲಸ ನಿಲ್ಲಲಿಲ್ಲ.

ನಿಮ್ಮ ಹೊಸ ಪಿಡಿಒ ಅವರ ಕುರ್ಚಿಯಲ್ಲಿ ಕುಳಿತು ಒಮ್ಮೆ ಯೋಚಿಸಿ ನೋಡಿ. ಸಂಜೆಯ ಹೊತ್ತು ಪಂಚಾಯಿತಿಯ ಕಟ್ಟಡದಲ್ಲಿ ಮೂವತ್ತು ಮಕ್ಕಳು. ಅವರೊಡನೆ ಇರುವವರು ಯಾರೆಂದು ಹೇಳುವ ಒಂದು ಹಾಳೆಯೂ ಕಚೇರಿಯಲ್ಲಿಲ್ಲ. ಒಂದು ಮಗು ಮೆಟ್ಟಿಲಿಂದ ಜಾರಿ ಬಿದ್ದರೆ, ಅದಕ್ಕಿಂತ ಕೆಟ್ಟದ್ದೇನಾದರೂ ಆದರೆ, ಮೊದಲು ಉತ್ತರ ಹೇಳಬೇಕಾದವರು ಅವರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂದ ಮೇಲಂತೂ ಮಕ್ಕಳಿರುವ ಜಾಗಕ್ಕೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ಕೇಳದೆ ಸುಮ್ಮನಿರುವ ಅಧಿಕಾರಿಯನ್ನೇ ನಾವು ಅನುಮಾನಿಸಬೇಕಾಗುತ್ತದೆ. ಇನ್ನೊಂದು ಮಾತು. ಪಂಚಾಯಿತಿಯ ಲೆಕ್ಕವನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು ಬಂದು ನೋಡುತ್ತಾರೆ. ದಾಸ್ತಾನು ವಹಿಯಲ್ಲಿ ಇಲ್ಲದ ಎರಡು ಕಪಾಟುಗಳು ಕೊಠಡಿಯಲ್ಲಿದ್ದರೆ ಅವು ಎಲ್ಲಿಂದ ಬಂದವು ಎಂದು ಕೇಳಿಯೇ ಕೇಳುತ್ತಾರೆ. ಒಮ್ಮೆ ಬರೆದ ಆಕ್ಷೇಪಣೆ ತೀರುವಳಿಯಾಗುವ ತನಕ ಆ ಅಧಿಕಾರಿ ಎಲ್ಲಿಗೆ ವರ್ಗವಾಗಿ ಹೋದರೂ ಅವರ ಹಿಂದೆಯೇ ಬರುತ್ತದೆ. ನಾವು ದರ್ಪವೆಂದುಕೊಳ್ಳುವುದರಲ್ಲಿ ಒಂದು ಪಾಲು ಈ ಭಯವೇ. ಭಯವನ್ನು ಕಾಗದದಿಂದ ನಿವಾರಿಸಬಹುದು.

ಇನ್ನು ನಿಮಗೆ ಕಹಿಯಾಗಬಹುದಾದ ಮಾತೊಂದನ್ನು ಹೇಳಲೇಬೇಕಾಗಿದೆ. ಪತ್ರದ ಜೊತೆಗೆ ನೀವು ಕಳಿಸಿರುವ ವಾರ್ಷಿಕೋತ್ಸವದ ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಮಕ್ಕಳು ಎರಡು ಸಾಲಾಗಿ ಕುಳಿತಿದ್ದಾರೆ, ಹಿಂದೆ ನಿಮ್ಮ ಸಂಸ್ಥೆಯ ಹೆಸರಿರುವ ದೊಡ್ಡ ಫ್ಲೆಕ್ಸ್ ಇದೆ. ಆ ಫ್ಲೆಕ್ಸಿನ ಎಡತುದಿಯಲ್ಲಿ "ಅರಿವು" ಎಂಬ ಮೂರು ಅಕ್ಷರ ಮಾತ್ರ ಹೊರಗೆ ಇಣುಕುತ್ತಿವೆ. ಪಂಚಾಯಿತಿಯ ಫಲಕದ ಉಳಿದ ಭಾಗವೆಲ್ಲ ಮುಚ್ಚಿಹೋಗಿದೆ. ಗ್ರಂಥಾಲಯದ ಮೇಲ್ವಿಚಾರಕರು ಎಲ್ಲಿದ್ದಾರೆಂದು ಹುಡುಕಿದೆ, ಅವರು ಚಿತ್ರದಲ್ಲಿಲ್ಲ. ನಾಲ್ಕು ಪುಟಗಳ ಪತ್ರದಲ್ಲಿಯೂ ಅವರ ಪ್ರಸ್ತಾಪ ಒಂದೇ ಸಲ ಬರುತ್ತದೆ, ಅದೂ "ಬಾಗಿಲು ತೆಗೆಯುವವರು" ಎಂದು. ಪ್ರತಿದಿನ ಆ ಕೊಠಡಿಯನ್ನು ಗುಡಿಸಿ, ಪತ್ರಿಕೆಗಳನ್ನು ಜೋಡಿಸಿ, ನೋಂದಣಿ ಪುಸ್ತಕ ತುಂಬುವ ಮನುಷ್ಯನಿಗೆ ಸಂಜೆ ಐದಕ್ಕೆ ಬಂದವರು ಊರಿನ ಚಪ್ಪಾಳೆಯನ್ನೆಲ್ಲ ಒಯ್ಯುತ್ತಿದ್ದಾರೆ ಎನ್ನಿಸಿದ್ದರೆ ಅದು ಸಹಜ. ನೀವು ಬೇಕೆಂದು ಮಾಡಿದ್ದಲ್ಲ ಎಂದು ನನಗೆ ಗೊತ್ತು. ಆದರೂ ಹೊಸ ಪಿಡಿಒ ಬಂದಾಗ ನಿಮ್ಮ ಪರವಾಗಿ ಒಳಗಿನವರೊಬ್ಬರು ಏಕೆ ಮಾತನಾಡಲಿಲ್ಲ ಎಂಬುದಕ್ಕೆ ಕಾರಣ ಆ ಚಿತ್ರದಲ್ಲಿಯೇ ಇರಬಹುದು. ಮೊದಲು ಅವರ ಮನೆಗೆ ಹೋಗಿ ಬನ್ನಿ.

ಸರ್ಕಾರದ ಜೊತೆ ಸೇರಿದ್ದೇ ತಪ್ಪಾಯಿತೇ ಎಂದು ಕೇಳಿದ್ದೀರಿ. ನಿಮ್ಮ ಕಾರ್ಯಕರ್ತೆಯರಲ್ಲಿ ಹೆಚ್ಚಿನವರು ಸ್ತ್ರೀಶಕ್ತಿ ಗುಂಪಿನವರು ಎಂದೂ ಬರೆದಿದ್ದೀರಿ. ಆ ಗುಂಪುಗಳು ಎಲ್ಲಿಂದ ಬಂದವು ನೋಡಿ. 1968ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಒದಗಿಸುವ ಕೆಲಸದಲ್ಲಿ ಸರ್ಕಾರಕ್ಕೆ ನೆರವಾಗಲೆಂದು ಹುಟ್ಟಿದ ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲಿ ಹಳ್ಳಿಯ ಬಡವರ ಸಣ್ಣ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಿತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 500 ಗುಂಪುಗಳಿಗೆ ಬ್ಯಾಂಕಿನ ಸಾಲ ಜೋಡಿಸುವ ಪ್ರಯೋಗಕ್ಕೆ ಕೈ ಹಾಕಿತು. 2000–01ರಲ್ಲಿ ಕರ್ನಾಟಕ ಸರ್ಕಾರ ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿ, ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಊರೂರಿಗೆ ಒಯ್ದಿತು. ಹೊಸದನ್ನು ಮಾಡಿ ನೋಡುವ, ತಪ್ಪಿದರೆ ತಿದ್ದಿಕೊಳ್ಳುವ ಅವಕಾಶ ಸಂಸ್ಥೆಗಿತ್ತು. ಎಲ್ಲ ಊರುಗಳಿಗೂ ಒಯ್ಯುವ ಬಲ ಸರ್ಕಾರಕ್ಕಿತ್ತು. ಒಂದರ ಕೆಲಸವನ್ನು ಇನ್ನೊಂದು ಮಾಡಲಾಗುತ್ತಿರಲಿಲ್ಲ.

ನಮ್ಮ ನೆರೆಯ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಉದಾಹರಣೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1986ರಲ್ಲಿ ಆ ತಾಲ್ಲೂಕಿನಲ್ಲಿ ಕುಷ್ಠರೋಗದ ಕೆಲಸದಿಂದ ಆರಂಭಿಸಿತು. ಹತ್ತು ವರ್ಷ ಹಾಗೆ ಮನೆಮನೆ ತಿರುಗಿದ ಮೇಲೆ, 1996ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ಅವರಿಗೆ ಒಪ್ಪಿಸಿತು. ಆಗ ಅದು ಮೈಸೂರು ಜಿಲ್ಲೆಯೇ. ಚಾಮರಾಜನಗರ ಜಿಲ್ಲೆ ಆದದ್ದು ಮರುವರ್ಷ. ಆಸ್ಪತ್ರೆ ಸರ್ಕಾರದ್ದಾಗಿಯೇ ಉಳಿಯಿತು, ನಡೆಸುವ ಹೊಣೆ ಮಾತ್ರ ಸಂಸ್ಥೆಯದಾಯಿತು. ನಾನು ಇದರಲ್ಲಿ ಮುಖ್ಯವೆಂದು ತಿಳಿಯುವುದು ಆ ಹತ್ತು ವರ್ಷಗಳನ್ನು. ನಂಬಿಕೆ ಮೊದಲು ಊರಿನಲ್ಲಿ ಬೆಳೆಯಿತು, ಆಮೇಲೆ ಬರಹಕ್ಕೆ ಇಳಿಯಿತು. ನಿಮ್ಮಲ್ಲಿ ಮೊದಲನೆಯದು ಆಗಿದೆ, ಎರಡನೆಯದು ಆಗಬೇಕಾಗಿದೆ.

ಆದ್ದರಿಂದ ಈಗ ಮಾಡಬೇಕಾದದ್ದು ಏನೆಂದರೆ, ಗ್ರಾಮ ಪಂಚಾಯಿತಿಯ ಅಧ್ಯಕ್ಷರ ಹೆಸರಿಗೆ ಅರ್ಜಿ ಬರೆದು, ಪಿಡಿಒ ಅವರಿಗೆ ಪ್ರತಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯದ ವಿಷಯಗಳನ್ನು ನೋಡುವ ಸೌಕರ್ಯ ಸಮಿತಿ ಇದೆ. ಅರ್ಜಿ ಅಲ್ಲಿ ಚರ್ಚೆಯಾಗಿ ಸಾಮಾನ್ಯ ಸಭೆಗೆ ಬಂದು, ನಡಾವಳಿ ಪುಸ್ತಕದಲ್ಲಿ ನಿರ್ಣಯವಾಗಿ ದಾಖಲಾಗಬೇಕು. ಬಾಯಿಮಾತು ಅಧಿಕಾರಿಯ ಜೊತೆಯಲ್ಲೇ ವರ್ಗವಾಗುತ್ತದೆ; ನಿರ್ಣಯದ ಸಂಖ್ಯೆ ಅಲ್ಲೇ ಉಳಿಯುತ್ತದೆ. ಆ ನಿರ್ಣಯದ ಆಧಾರದ ಮೇಲೆ ಎರಡು ಪುಟಗಳ ಒಡಂಬಡಿಕೆ ಸಾಕು. ವಕೀಲರ ಭಾಷೆ ಬೇಡ. ಕೀಲಿ ಯಾರ ಹತ್ತಿರ ಇರುತ್ತದೆ, ಮೇಲ್ವಿಚಾರಕರು ಹೋದ ಮೇಲೆ ಬಾಗಿಲು ಹಾಕುವ ಹೊಣೆ ಯಾರದು, ದೀಪದ ಖರ್ಚು ಯಾರದು, ಬರುವ ಕಾರ್ಯಕರ್ತೆಯರ ಹೆಸರು ವಿಳಾಸಗಳೇನು, ಮಕ್ಕಳೊಡನೆ ಯಾವಾಗಲೂ ಇಬ್ಬರು ದೊಡ್ಡವರು ಇರುತ್ತಾರೆಯೇ ಎಂಬುದನ್ನೆಲ್ಲ ನಾವು ಮನೆಯಲ್ಲಿ ಮಾತನಾಡುವ ಕನ್ನಡದಲ್ಲೇ ಬರೆಯಿರಿ. ಕಪಾಟುಗಳನ್ನು ದಾನವೆಂದು ದಾಸ್ತಾನು ವಹಿಗೆ ಸೇರಿಸುತ್ತೀರೋ, ಸಂಸ್ಥೆಯ ಸ್ವತ್ತೆಂದು ಬೇರೆ ಪಟ್ಟಿ ಮಾಡುತ್ತೀರೋ, ಈಗಲೇ ತೀರ್ಮಾನಿಸಿ. ಬಹಳ ಜನ ಮರೆಯುವ ಇನ್ನೊಂದು ವಿಷಯವೂ ಇದೆ. ಬಿಟ್ಟು ಹೋಗುವುದು ಹೇಗೆಂಬುದನ್ನೂ ಬರೆಯಬೇಕು. ಯಾರಿಗೆ ಬೇಡವೆನಿಸಿದರೂ ಒಂದು ತಿಂಗಳು ಮುಂಚೆ ಲಿಖಿತವಾಗಿ ತಿಳಿಸಬೇಕು ಎಂಬ ಒಂದು ಸಾಲು ಇದ್ದಿದ್ದರೆ, ಪರೀಕ್ಷೆಯ ಹೊತ್ತಿನಲ್ಲಿ ಮಕ್ಕಳು ಹೀಗೆ ಬಾಗಿಲ ಹೊರಗೆ ನಿಲ್ಲಬೇಕಾಗಿರಲಿಲ್ಲ.

ಪಂಚಾಯಿತಿಯ ಕಡೆಯಿಂದಲೂ ಕರ್ತವ್ಯಗಳಿವೆ, ಈ ಪತ್ರಿಕೆಯನ್ನು ಓದುವ ಅಧಿಕಾರಿಗಳೂ ಇದ್ದಾರಾದ್ದರಿಂದ ಹೇಳುತ್ತಿದ್ದೇನೆ. ಒಪ್ಪಿಗೆಯಿಲ್ಲದಿದ್ದರೆ ಇಲ್ಲವೆಂದಾದರೂ ಕಾಗದದಲ್ಲಿ ತಿಳಿಸಬೇಕು. ಉತ್ತರವೇ ಇಲ್ಲದ ಅರ್ಜಿ ಸಂಸ್ಥೆಗಳ ಉತ್ಸಾಹವನ್ನು ಕೊಲ್ಲುತ್ತದೆ. ಜಾಥಾಕ್ಕೆ ಜನ ಬೇಕಾದಾಗ, ಸಭೆಯ ಕುರ್ಚಿ ತುಂಬಬೇಕಾದಾಗ ಮಾತ್ರ ಸಂಘಸಂಸ್ಥೆಗಳನ್ನು ನೆನೆಯುವ ಅಭ್ಯಾಸ ಬಿಡಬೇಕು. ಹನ್ನೊಂದಕ್ಕೆ ಎಂದು ಕರೆದ ಸಭೆಯನ್ನು ಎರಡಕ್ಕೆ ಆರಂಭಿಸಿದರೆ ದಿನಗೂಲಿ ಬಿಟ್ಟು ಬಂದ ಕಾರ್ಯಕರ್ತೆಗೆ ಅಂದಿನ ಸಂಪಾದನೆಯೇ ಹೋಗುತ್ತದೆ.

ಅನುದಾನಕ್ಕೂ ಅರ್ಜಿ ಹಾಕಬೇಕೆಂದಿದ್ದೇವೆ ಎಂದು ಬರೆದಿದ್ದೀರಿ. ಅವಸರ ಬೇಡ. ಸರ್ಕಾರದ ಹಣ ಬಂದರೆ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಅದು ಸಲ್ಲಿಕೆಯಾಗದೆ ಮುಂದಿನ ಕಂತು ಬಿಡುಗಡೆಯಾಗುವುದಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಬಂದ ಹಣಕ್ಕೆ ಅದೇ ತಿಂಗಳಲ್ಲಿ ಲೆಕ್ಕ ಒಪ್ಪಿಸಲು ಹೋಗಿ ಸಣ್ಣ ಸಂಸ್ಥೆಗಳು ಸುಳ್ಳು ರಸೀದಿಯ ದಾರಿ ಹಿಡಿದದ್ದನ್ನು ಕಂಡಿದ್ದೇನೆ, ಅಲ್ಲಿಂದ ಹಿಂದಿರುಗಿ ಬಂದವರು ಕಡಿಮೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಪ್ರತಿವರ್ಷ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕಾದ ಲೆಕ್ಕವನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ಬಾಕಿಯಿಲ್ಲದೆ ಸಲ್ಲಿಸಿದ್ದೀರಾ ನೋಡಿಕೊಳ್ಳಿ. ಅದರ ಪ್ರತಿಯನ್ನು ನಿಮ್ಮ ಅರ್ಜಿಯ ಜೊತೆಯಲ್ಲಿ ಪಂಚಾಯಿತಿಗೂ ಕೊಡಿ.

ನಿಮ್ಮ ಸಹಕಾರ್ಯಕರ್ತೆಯೊಬ್ಬರು ಎತ್ತಿರುವ ಆತಂಕ ಇವೆಲ್ಲಕ್ಕಿಂತ ಗಂಭೀರವಾದದ್ದು: ಇಷ್ಟೆಲ್ಲ ಹತ್ತಿರವಾದ ಮೇಲೆ ಪಂಚಾಯಿತಿಯಲ್ಲಿ ತಪ್ಪು ಕಂಡರೆ ಬಾಯಿ ಬಿಡುವುದು ಹೇಗೆ? 2023ರ ಕೊನೆಯಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತು ಎಂದು ಬೆಂಗಳೂರಿನ ಪೊಲೀಸರ ತನಿಖೆಯಿಂದ ತಿಳಿದುಬಂದಾಗ ಇಡೀ ಜಿಲ್ಲೆ ತಲೆ ತಗ್ಗಿಸಿತು. ಅದನ್ನು ತಡೆಯಲೆಂದೇ 1994ರ ಕಾಯ್ದೆ ಇದೆ. ಅದರಡಿ ರಚನೆಯಾಗುವ ಸಲಹಾ ಸಮಿತಿಯಲ್ಲಿ ವೈದ್ಯರ ಜೊತೆಗೆ ಮೂವರು ಸಮಾಜ ಸೇವಕರು ಇರಬೇಕು, ಅವರಲ್ಲಿ ಒಬ್ಬರಾದರೂ ಮಹಿಳಾ ಸಂಘಟನೆಯ ಪ್ರತಿನಿಧಿಯಾಗಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಸಂಸ್ಥೆಯವರಿಗೆ ಕಾನೂನು ಆ ಕುರ್ಚಿ ಕೊಟ್ಟಿರುವುದು ಚಹಾ ಕುಡಿದು ಸಹಿ ಹಾಕಿ ಎದ್ದು ಬರಲಿಕ್ಕಲ್ಲ, ಅಧಿಕಾರಿಗಳು ಕೇಳದ ಪ್ರಶ್ನೆಯನ್ನು ಕೇಳಲಿಕ್ಕೆ. ನಿಮ್ಮ ಒಡಂಬಡಿಕೆಯಲ್ಲೂ ಒಂದು ಸಾಲು ಇರಲಿ: ಅರಿವು ಕೇಂದ್ರದ ಕೆಲಸಕ್ಕೂ ಗ್ರಾಮಸಭೆಯಲ್ಲಿ ಸಂಸ್ಥೆಯ ಸದಸ್ಯರು ಆಡುವ ಮಾತಿಗೂ ಸಂಬಂಧವಿಲ್ಲ. ಆ ಸಾಲನ್ನು ಪಂಚಾಯಿತಿ ಒಪ್ಪದಿದ್ದರೆ ಮಾತ್ರ ನೀವು ಹಿಂದೆ ಸರಿಯುವುದರಲ್ಲಿ ಅರ್ಥವಿದೆ.

ಕೊನೆಗೆ ಜಗಲಿಯ ವಿಷಯ. ಆ ಹಿರಿಯರ ಮನಸ್ಸು ದೊಡ್ಡದು, ಅವರಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ನೀವೇ ಬರೆದಿದ್ದೀರಿ, ಸಂಜೆ ಬರುವ ಮಕ್ಕಳಲ್ಲಿ ಹನ್ನೊಂದು ಮಂದಿ ಊರಾಚೆಯ ಕಾಲೊನಿಯವರು ಎಂದು. ಪಂಚಾಯಿತಿಯ ಕಟ್ಟಡಕ್ಕೆ ಅವರು ಯಾರನ್ನೂ ಕೇಳದೆ ಚಪ್ಪಲಿ ಬಿಟ್ಟು ನೇರವಾಗಿ ಒಳಗೆ ಬರುತ್ತಾರೆ, ಏಕೆಂದರೆ ಅದು ಅವರದೂ ಹೌದು. ಮನೆಯ ಜಗಲಿಯ ಮುಂದೆ ಆ ಮಕ್ಕಳು ಕರೆಯುವವರೆಗೆ ಬೀದಿಯಲ್ಲಿ ನಿಲ್ಲುತ್ತಾರೆ. ಎಷ್ಟು ಪ್ರೀತಿಯಿಂದ ಕರೆದರೂ ನಾಲ್ಕು ದಿನ ಬಂದು ಐದನೆಯ ದಿನ ಬರುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದ ಮೇಲೆ ಅವು ಊರಿನ ಆಡಳಿತಕ್ಕೆ ಇನ್ನಷ್ಟು ಹತ್ತಿರ ಬಂದಿವೆ. ಆ ಬಾಗಿಲನ್ನು ಮತ್ತೆ ತೆರೆಸುವುದೇ ನಿಮ್ಮ ಕೆಲಸ. ಅಲ್ಲಿಯವರೆಗೆ ಪರೀಕ್ಷೆಯ ಈ ಎರಡು ವಾರ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ ಒಂದು ಕೊಠಡಿ ಪಡೆಯಿರಿ, ಅದಕ್ಕೂ ಅರ್ಜಿ ಬರೆದುಕೊಡಿ.

ನಿಮ್ಮ ಪಿಡಿಒ ಅವರಿಗೂ ಅಧ್ಯಕ್ಷರಿಗೂ ಈ ಸಂಚಿಕೆಯ ಪ್ರತಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದೇವೆ. ಅವರು ಬರೆದು ಕಳಿಸುವ ಮಾತನ್ನು ಇದೇ ಪುಟದಲ್ಲಿ, ಇಷ್ಟೇ ಜಾಗ ಕೊಟ್ಟು ಪ್ರಕಟಿಸುತ್ತೇವೆ. ಸಾಮಾನ್ಯ ಸಭೆಯ ದಿನಾಂಕ ಗೊತ್ತಾದ ಕೂಡಲೇ ನಮಗೊಂದು ಕಾಗದ ಹಾಕಿ.

— ಸಂಪಾದಕ