ಓದುಗರ ಪ್ರಶ್ನೆ: ಹಾಸನ ಊಟಿಯಲ್ಲ, ಮೇ ತಿಂಗಳೊಂದೇ ಬೇಸಿಗೆಯಲ್ಲ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸೆಕೆಯದ್ದೇ. ಹಾಸನ, ಚಿಕ್ಕಮಗಳೂರು ಕಡೆಯ ನಿಮಗೆಲ್ಲಿಯ ಬೇಸಿಗೆ ಮಾರಾಯ್ರೇ ಎಂದು ಹೊರಗಿನವರು ಕೇಳುತ್ತಾರೆ. ಇಲ್ಲಿಯವರು ಬೆವರು ಒರೆಸಿಕೊಂಡು ಬರೆಯುತ್ತಾರೆ. ಆದಷ್ಟಕ್ಕೆ ಉತ್ತರ ಕೊಟ್ಟಿದ್ದೇವೆ.

ಹಾಸನವನ್ನು ಬಡವರ ಊಟಿ ಅಂತಾರೆ. ಏಪ್ರಿಲ್‌ನಲ್ಲಿ ಫ್ಯಾನ್ ಹಾಕಿದರೂ ನಿದ್ದೆ ಬರಲ್ಲ. ಆ ಊಟಿ ಎಲ್ಲಿ ಹೋಯ್ತು ಸಾರ್?
*ಹಾಸನದ ಓದುಗರು*

ಊಟಿ ಅಲ್ಲೇ ಇದೆ, 2,240 ಮೀಟರ್ ಎತ್ತರದಲ್ಲಿ. ಹಾಸನ ಇರುವುದು ಸಾವಿರ ಮೀಟರಿಗೂ ಸ್ವಲ್ಪ ಕೆಳಗೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ. ಹಾಗಾದರೆ ಎರಡೂ ಊರಿನ ನಡುವೆ ಎಂಟು ಡಿಗ್ರಿಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಅದನ್ನು ಯಾವ ಬಿರುದೂ ತುಂಬಿಕೊಡಲ್ಲ. ನಿಜ ಹೇಳಬೇಕೆಂದರೆ ಎತ್ತರದ ಲೆಕ್ಕದಲ್ಲಿ ಹಾಸನಕ್ಕೆ ಹತ್ತಿರದ ನೆಂಟ ಊಟಿಯಲ್ಲ, ಬೆಂಗಳೂರು. ಅದು ಸುಮಾರು 920 ಮೀಟರ್.

ಹಾಗಂತ ಆ ಹೆಸರು ಪೂರ್ತಿ ಸುಳ್ಳೂ ಅಲ್ಲ. ಇಲ್ಲಿ ಹಗಲು ಸುಟ್ಟರೂ ರಾತ್ರಿ ನೆಲ ಬೇಗ ಆರುತ್ತಿತ್ತು, ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳಬೇಕಾಗುತ್ತಿತ್ತು. ಈಗ ಮನೆಗೆ ಮನೆ ಅಂಟಿಕೊಂಡಿದೆ, ಅಂಗಳಕ್ಕೂ ಸಿಮೆಂಟು, ರಸ್ತೆ ಬದಿಯ ಮರ ಅಗಲೀಕರಣಕ್ಕೆ ಹೋಯಿತು. ಹಗಲೆಲ್ಲ ಕುಡಿದ ಬಿಸಿಯನ್ನು ತಾರಸಿ ಮತ್ತು ಡಾಂಬರು ರಾತ್ರಿ ನಿಧಾನಕ್ಕೆ ಬಿಡುತ್ತವೆ, ಅದಕ್ಕೇ ನಿಮಗೆ ಹನ್ನೊಂದು ಗಂಟೆಗೂ ನಿದ್ದೆ ಇಲ್ಲ. ಭೂಮಿ ಒಟ್ಟಾರೆ ಬಿಸಿಯಾಗುತ್ತಿರುವುದೂ ಅದಕ್ಕೆ ಸೇರಿಕೊಂಡಿದೆ. ಊರಿನಿಂದ ನಾಲ್ಕೈದು ಕಿಲೋಮೀಟರ್ ಆಚೆ ಹಳ್ಳಿಯಲ್ಲಿ ಒಂದು ರಾತ್ರಿ ಮಲಗಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಮೇ ತಿಂಗಳು ಅತಿ ಹೆಚ್ಚು ಬಿಸಿಲು ಅಲ್ವಾ? ಮಕ್ಕಳ ರಜೆಗೆ ಆಗ ಚಿಕ್ಕಮಗಳೂರಿಗೆ ಬರೋದು ತಪ್ಪಾ?
*ಬೆಂಗಳೂರಿನಿಂದ ಒಬ್ಬರು ತಾಯಿ*

ಮೇ ತಿಂಗಳ ಧಗೆ ಉತ್ತರ ಭಾರತದ್ದು. ಟೀವಿಯಲ್ಲಿ ದೆಹಲಿ, ರಾಜಸ್ಥಾನದ ಸುದ್ದಿ ನೋಡಿ ನೋಡಿ ನಾವೂ ಹಾಗೇ ಅಂದುಕೊಂಡಿದ್ದೇವೆ. ನಮ್ಮ ಕಡೆ ಉರಿಯುವುದು ಮಾರ್ಚ್ ಮತ್ತು ಏಪ್ರಿಲ್. ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ನಿಲ್ಲುವುದು ಏಪ್ರಿಲ್ 25ರ ಆಸುಪಾಸು. ಅವತ್ತು ನಡುಹಗಲು ಕಂಬ ನೆಟ್ಟರೆ ನೆರಳೇ ಬೀಳಲ್ಲ. ಬೆಂಗಳೂರಿನ ದಾಖಲೆ ಬಿಸಿಲು, 39.2 ಡಿಗ್ರಿ, ಬಂದದ್ದೂ 2016ರ ಏಪ್ರಿಲ್ 24ರಂದು. ಮೇ ಬರುವ ಹೊತ್ತಿಗೆ ಸಂಜೆ ಮೋಡ, ಗುಡುಗು, ಮಳೆ ಶುರುವಾಗಿರುತ್ತದೆ, ಹಗಲಿನ ಬಿಸಿ ಇಳಿಯುತ್ತದೆ.

ಸೂರ್ಯ ಆಗಸ್ಟ್ 18ರ ಹೊತ್ತಿಗೆ ಇನ್ನೊಂದು ಸಲ ನೆತ್ತಿಗೆ ಬರುತ್ತಾನೆ. ಆಗ ನಾವು ಸ್ವೆಟರ್ ಹಾಕಿಕೊಂಡು ಕೂತಿರುತ್ತೇವೆ. ಮೋಡ ಇದ್ದರೆ ನೆತ್ತಿಯ ಸೂರ್ಯನ ಆಟವೂ ನಡೆಯಲ್ಲ. ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಹೋಗುತ್ತದೆ ಅಂತ ಕೆಲವರು ಮಕ್ಕಳಿಗೆ ಹೇಳುವುದುಂಟು. ಅದು ತಪ್ಪು, ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ.

ಮೇನಲ್ಲಿ ಬನ್ನಿ ಅಕ್ಕ, ಛತ್ರಿ ಮರೆಯಬೇಡಿ.

ಚಿಕ್ಕಮಗಳೂರು ಜಿಲ್ಲೆ ಅಂದ ಕೂಡಲೇ ನೆಂಟರು "ತಂಪಾಗಿರ್ತೀರಲ್ಲ" ಅಂತಾರೆ. ನಾನಿರೋದು ಕಡೂರು!
*ಕಡೂರಿನ ಓದುಗರು*

ನಿಮ್ಮ ಸಂಕಟ ಅರ್ಥವಾಯಿತು. ಮುಂಗಾರಿನ ಮೋಡ ಪಶ್ಚಿಮದಿಂದ ಬಂದು ಘಟ್ಟದಲ್ಲಿ, ಬಾಬಾಬುಡನ್‌ಗಿರಿ ಸಾಲಿನಲ್ಲಿ ನೀರು ಸುರಿಸಿಬಿಡುತ್ತದೆ. ಬೆನ್ನ ಹಿಂದಿರುವ ಕಡೂರಿಗೆ ಉಳಿಯುವುದು ಗಾಳಿ ಮಾತ್ರ. ಒಂದೇ ಜಿಲ್ಲೆಯಾದರೂ ಶೃಂಗೇರಿ ಕಡೆ ವರ್ಷಕ್ಕೆ ಬೀಳುವ ಮಳೆ ನಿಮ್ಮ ಐದಾರು ಪಟ್ಟು. ಹಾಸನದಲ್ಲೂ ಇದೇ ಕತೆ, ಸಕಲೇಶಪುರದವರನ್ನೂ ಅರಸೀಕೆರೆಯವರನ್ನೂ ಒಂದೇ ಹವಾಮಾನದಲ್ಲಿ ಕೂರಿಸಲಾಗದು.

ಮಾರ್ಚ್‌ನಲ್ಲಿ ಮಳೆ ಬಂದರೆ ಸುದ್ದಿಯವರು "ಅಕಾಲಿಕ ಮಳೆ" ಅಂತ ಹಾಕ್ತಾರೆ. ನಮ್ಮ ಅಜ್ಜ ಆಗ ಕುಣಿದಾಡ್ತಿದ್ದರು. ಯಾರು ಸರಿ?
*ಮೂಡಿಗೆರೆಯ ಓದುಗರು*

ಅಜ್ಜನೇ ಸರಿ. ಅದು ಹೂಮಳೆ. ಕಾಫಿ ಗಿಡದ ಮೊಗ್ಗು ಬೇಸಿಗೆಯ ಒಣ ದಿನಗಳಲ್ಲಿ ಸುಮ್ನೆ ಕಾದಿರುತ್ತದೆ, ಒಂದಿಂಚಿನಷ್ಟು ಒಳ್ಳೆ ಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ರೊಬಸ್ಟಾ ತಳಿಯ ಕಾಫಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಬೇಕು, ಅರೇಬಿಕಾ ತಳಿಗೆ ಸ್ವಲ್ಪ ತಡವಾದರೂ ನಡೆಯುತ್ತದೆ. ಅರ್ಧಂಬರ್ಧ ಹನಿಸಿ ನಿಂತರೆ ಮಾತ್ರ ಕಷ್ಟ, ಮೊಗ್ಗು ಪೂರ್ತಿ ಅರಳದೆ ಹಾಳಾಗುತ್ತದೆ. ಹೂ ಅರಳಿದ ದಿನವೇ ಜೋರು ಮಳೆ ಹೊಡೆದರೂ ಕಾಯಿ ಕಚ್ಚುವುದಿಲ್ಲ. ಎರಡು ಮೂರು ವಾರ ಕಳೆದು ಮತ್ತೊಂದು ಬರಬೇಕು, ಅದು ಕಚ್ಚಿದ ಕಾಯಿಯನ್ನು ಉಳಿಸುವ ಬ್ಯಾಕಿಂಗ್ ಮಳೆ. ಇಷ್ಟೆಲ್ಲ ಲೆಕ್ಕ ಇರುವುದರಿಂದಲೇ ತೋಟದವರು ಫೋನೆತ್ತಿದ ಕೂಡಲೇ ಆರೋಗ್ಯ ವಿಚಾರಿಸುವ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು" ಅಂತ ಕೇಳುವುದು. ನೂರು ಸೆಂಟ್ ಅಂದರೆ ಒಂದಿಂಚು. ಮಳೆ ಕೈಕೊಟ್ಟರೆ ನೀರಿರುವವರು ಸ್ಪ್ರಿಂಕ್ಲರ್ ಹಚ್ಚುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ.

ನಿಜವಾದ ಅಕಾಲಿಕ ಮಳೆ ಎಂದರೆ ಜನವರಿಯದ್ದು. ಹಣ್ಣು ಕೊಯ್ಲು ಮುಗಿದಿರುವುದಿಲ್ಲ, ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಆಗ ಅಜ್ಜನೂ ಕುಣಿಯುತ್ತಿರಲಿಲ್ಲ.

ಬಯಲುಸೀಮೆಯವರಿಗೂ ಬೇಸಿಗೆ ಮಳೆ ಹೊಸದಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಆ ಭರಣಿ ಬರುವುದು ಏಪ್ರಿಲ್ ಕೊನೆಗೆ, ಮೇ ಮೊದಲಿಗೆ. ಆದರೆ ಇದನ್ನೇ ಮುಂಗಾರು ಬೇಗ ಬಂತು ಅಂದುಕೊಳ್ಳಬೇಡಿ. ಬೇಸಿಗೆ ಮಳೆ ಹಗಲು ಕಾದು, ಸಂಜೆ ಗುಡುಗಿ, ಒಂದು ಗಂಟೆ ಅಬ್ಬರಿಸಿ ಹೋಗುತ್ತದೆ. ತೋಟದ ಈ ಬದಿ ತೊಯ್ದು ಆ ಬದಿ ಧೂಳು ಏಳುವುದೂ ಉಂಟು. ಮುಂಗಾರು ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಅದು ಕೇರಳ ಮುಟ್ಟುವುದೇ ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ.

ಆಲಿಕಲ್ಲು ಬಿತ್ತು. ಬೇಸಿಗೆಯಲ್ಲಿ ಐಸ್ ಬೀಳೋದು ಹವಾಮಾನ ಕೆಟ್ಟಿದ್ದಕ್ಕೇ ತಾನೆ?
*ಬೇಲೂರಿನ ವಿದ್ಯಾರ್ಥಿ*

ಅಲ್ಲಪ್ಪ. ಆಲಿಕಲ್ಲಿಗೆ ಸೆಕೆಯೇ ಬೇಕು. ಕಾದ ಗಾಳಿ ರಭಸವಾಗಿ ಮೇಲೇರಿ ಹನಿಗಳನ್ನು ಐದಾರು ಕಿಲೋಮೀಟರ್ ಎತ್ತರಕ್ಕೆ ಒಯ್ಯುತ್ತದೆ, ಅಲ್ಲಿ ಏಪ್ರಿಲ್‌ನಲ್ಲೂ ನೀರು ಹೆಪ್ಪುಗಟ್ಟುವಷ್ಟು ಚಳಿ.

ಮುಳ್ಳಯ್ಯನಗಿರಿಯಲ್ಲಿ ತಣ್ಣನೆ ಗಾಳಿ ಇತ್ತು, ಆದರೂ ಮೂಗು, ಕುತ್ತಿಗೆ ಸುಟ್ಟಿದೆ. ಹೇಗೆ?
*ಅರಸೀಕೆರೆಯ ಓದುಗರು*

ಚರ್ಮ ಸುಡುವುದು ಸೆಕೆಯಿಂದಲ್ಲ, ಬಿಸಿಲಿನಲ್ಲಿರುವ ಅತಿನೇರಳೆ ಕಿರಣದಿಂದ. ಸಾವಿರ ಮೀಟರ್ ಏರಿದರೆ ಅದು ಹತ್ತು ಪರ್ಸೆಂಟ್‌ನಷ್ಟು ಜಾಸ್ತಿಯಾಗುತ್ತದೆ. ನೀವು ನಿಂತಿದ್ದು 1,930 ಮೀಟರ್‌ನಲ್ಲಿ, ಅಲ್ಲಿ ನೆರಳಿಗೆ ಒಂದು ಮರವೂ ಇಲ್ಲ. ಗಾಳಿ ನಿಮಗೆ ಸುಡುತ್ತಿರುವುದು ಗೊತ್ತಾಗದ ಹಾಗೆ ಮಾಡಿತು, ಅಷ್ಟೇ. ಟೋಪಿ, ತುಂಬುತೋಳಿನ ಅಂಗಿ ಇರಲಿ.

ಕಾರು 40 ತೋರಿಸುತ್ತೆ, ಫೋನು 34. ಯಾವುದು ನಿಜ?
*ಚನ್ನರಾಯಪಟ್ಟಣದ ಓದುಗರು*

ಫೋನು ಸತ್ಯಕ್ಕೆ ಹತ್ತಿರ, ಆದರೆ ಅದೂ ನಿಮ್ಮ ಬೀದಿಯಲ್ಲಿ ಅಳೆದದ್ದಲ್ಲ, ಸುತ್ತಲಿನ ಪ್ರದೇಶಕ್ಕೆ ಹಾಕಿದ ಅಂದಾಜು. ಹವಾಮಾನ ಇಲಾಖೆ ಅಳೆಯುವುದು ನೆರಳಿನ ಗಾಳಿಯನ್ನು, ನೆಲದಿಂದ ಎದೆಮಟ್ಟದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ. ಬಿಸಿಲಲ್ಲಿ ನಿಲ್ಲಿಸಿದ ಕಾರು ಹೇಳುವುದು ತನ್ನ ಮತ್ತು ಡಾಂಬರಿನ ಜ್ವರ.

ಗುಡುಗು ಬಂದಾಗ ಮೊಬೈಲ್ ಆಫ್ ಮಾಡಿ ಮರದ ಕೆಳಗೆ ನಿಂತರೆ ಸಾಕಲ್ವಾ?
*ಆಲೂರಿನ ಓದುಗರು*

ಎರಡೂ ಉಲ್ಟಾ! ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ, ಮರ ಎಳೆಯುತ್ತದೆ. ಅದರಲ್ಲೂ ತೋಟದಲ್ಲಿ ಎಲ್ಲದಕ್ಕಿಂತ ಎತ್ತರಕ್ಕೆ ನಿಂತಿರುವ ಸಿಲ್ವರ್ ಓಕ್ ಕೆಳಗೆ ಹೋಗಲೇಬೇಡಿ. ಪಕ್ಕಾ ಮನೆ ಅಥವಾ ಗಾಜು ಏರಿಸಿದ ಕಾರು ಸೇರಿಕೊಳ್ಳಿ. ಚಾರ್ಜರ್‌ಗೆ ಸಿಕ್ಕಿಸಿದ ಫೋನು, ನಲ್ಲಿ, ಕಬ್ಬಿಣದ ಬೇಲಿ ಮುಟ್ಟಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಗೆ ಬನ್ನಿ, ಮಳೆ ನಿಂತ ಕೂಡಲೇ ಅಲ್ಲ.